ಯಾವುದರ ಸೇರು?

ಒಂದು ಸೇರು ಎಂದರೆ ಎಷ್ಟು ಗ್ರಾಂ? ‘ಯಾವುದರ ಸೇರು?’ ಎಂದು ತಿರುಗಿ ಕೇಳದೆ ಇದಕ್ಕೆ ಉತ್ತರ ಕೊಡಲಾಗದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಸೇರು ಎಂದರೆ ಈಗ ಹೆಚ್ಚುಕಮ್ಮಿ ಒಂದು ಲೀಟರ್, ಪಾವು ಅದರ ಕಾಲು ಭಾಗ. ಆ ಸೇರಿಗೆ ನೀರು ತುಂಬಿದರೆ ಒಂದು ಕಿಲೊ ತೂಗುತ್ತದೆ. ರಾಗಿಯಾದರೆ ಸುಮಾರು 800 ಗ್ರಾಂ, ಸುಲಿದ ಕಡ್ಲೆಬೀಜ 600ರ ಆಸುಪಾಸು. ಸಿಪ್ಪೆ ಸಮೇತ ಕಡ್ಲೆಕಾಯಿ ಸುಮಾರು 300 ಗ್ರಾಂ ಅಷ್ಟೇ.

ವಿಚಿತ್ರವೆಂದರೆ ರಾಗಿ ಕಾಳು ನೀರಿಗಿಂತ ಭಾರ. ತೊಳೆಯುವಾಗ ಹೊಟ್ಟು ತೇಲುತ್ತದೆ, ಕಾಳು ತಳ ಸೇರುತ್ತದೆ. ಆದರೂ ಸೇರು ರಾಗಿ ಸೇರು ನೀರಿಗಿಂತ ಹಗುರ, ಏಕೆಂದರೆ ಗುಂಡನೆಯ ಕಾಳುಗಳನ್ನು ಹೇಗೆ ಸುರಿದರೂ ಪಾತ್ರೆಯ ಶೇ 60–64ರಷ್ಟು ಜಾಗ ಮಾತ್ರ ತುಂಬುತ್ತದೆ. ಮಿಕ್ಕಿದ್ದೆಲ್ಲ ಗಾಳಿ. ಕಡ್ಲೆಕಾಯಿಯಲ್ಲಿ ಈ ಗಾಳಿ ಎರಡು ಕಡೆ ಇದೆ: ಕಾಯಿ ಕಾಯಿಗಳ ನಡುವೆ, ಮತ್ತೆ ಸಿಪ್ಪೆಯೊಳಗೆ. ಈಗ ಕಿರಾಣಿ ಅಂಗಡಿಗಳಲ್ಲಿ ಸಿಗುವ ಕೊಳವೆಯಾಕಾರದ ಪಾಸ್ತಾದ ಕತೆಯೂ ಇದೇ. ಒಂದು ಪಾವು ಮ್ಯಾಕರೋನಿ ಸುಮಾರು 110 ಗ್ರಾಂ. ಮುರಿದ ಶಾವಿಗೆಗೆ ಒಳಗೆ ಟೊಳ್ಳಿಲ್ಲ, ಒತ್ತಾಗಿ ಕೂರುತ್ತದೆ, ಹಾಗಾಗಿ ಅದೇ ಪಾವಿನಲ್ಲಿ ಹೆಚ್ಚು ತೂಗುತ್ತದೆ. ಹಿಟ್ಟು ಇನ್ನೂ ಮೋಸಗಾತಿ: ಜರಡಿ ಹಿಡಿದು ಹಗುರಾಗಿ ತುಂಬಿದ್ದಕ್ಕಿಂತ ಕುಟ್ಟಿ ತುಂಬಿದ್ದು ಕಾಲು ಭಾಗ ಹೆಚ್ಚು ತೂಗಬಹುದು. ಮುದ್ದೆ ಒಂದು ದಿನ ಗಟ್ಟಿ, ಒಂದು ದಿನ ಮೆತ್ತಗೆ ಆಗುವುದಕ್ಕೆ ಬೈಸಿಕೊಳ್ಳುವುದು ಮಾತ್ರ ನೀರು!

ಇನ್ನು ಗೋಪುರ ಕಟ್ಟಿ ಅಳೆಯುವ ಸಂಗತಿ. ಸುರಿದ ಕಾಳು ಒಂದು ಇಳಿಜಾರಿನ ತನಕ ನಿಲ್ಲುತ್ತದೆ, ಆಮೇಲೆ ಜಾರುತ್ತದೆ. ಆ ಇಳಿಜಾರು 27 ಡಿಗ್ರಿ ಎಂದುಕೊಳ್ಳಿ. ಎತ್ತರವೂ ಬಾಯಿಯ ಅಗಲವೂ ಸಮವಾಗಿರುವ ಲೀಟರ್ ಸೇರಿನ ಮೇಲೆ ನಿಲ್ಲುವ ಗೋಪುರ ಶೇ 8ರಷ್ಟು. ಅದೇ ಲೀಟರನ್ನು 16 ಸೆಂಟಿಮೀಟರ್ ಅಗಲದ, 5 ಸೆಂಟಿಮೀಟರ್ ಎತ್ತರದ ಚಪ್ಪಟೆ ಪಾತ್ರೆಯಾಗಿ ಮಾಡಿದರೆ ಗೋಪುರ ಶೇ 27ಕ್ಕೆ ಏರುತ್ತದೆ. ಎರಡನ್ನೂ ಅಂಚಿಗೆ ಕೋಲು ಎಳೆದು ಸವರಿದರೆ ಅಳತೆ ಒಂದೇ, ಗೋಪುರ ಕಟ್ಟಿದರೆ ಅಗಲ ಬಾಯಿಯ ಪಾತ್ರೆ ಕೊಳ್ಳುವವನ ಕಡೆ. ಗೇಣಿ ರಾಗಿಯನ್ನು ಅಳೆದು ಕೊಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಾಗಿರಲಾರದು.

ಹೊಲವನ್ನೂ ಕಾಳಿನಲ್ಲೇ ಅಳೆಯುತ್ತಿದ್ದ ಸೀಮೆ ಇದು. ಒಂದು ಖಂಡುಗ, ಅಂದರೆ 20 ಕೊಳಗ ಬಿತ್ತನೆ ಹಿಡಿಯುವ ನೆಲ ಖಂಡುಗದ ಹೊಲ. 1800ರಲ್ಲಿ ಶಿರಾ, ಮಧುಗಿರಿ ಸುತ್ತಿದ ಫ್ರಾನ್ಸಿಸ್ ಬ್ಯೂಕನನ್ ತನ್ನ ಪ್ರವಾಸದುದ್ದಕ್ಕೂ ಇಂಥ ಅಳತೆಗಳನ್ನು ಬರೆದುಕೊಂಡ. 1956ರ ತೂಕ ಮತ್ತು ಅಳತೆ ಕಾಯ್ದೆಯ ನಂತರ, 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬಂತು. ಅಂಗಡಿ ಕಿಲೊಗೆ ಹೋಯಿತು, ಅಡುಗೆಮನೆ ಪಾವಿನಲ್ಲೇ ಉಳಿಯಿತು.

ಹಾಗಾಗಿ ಇಂಟರ್‌ನೆಟ್ಟಿನ ಕೋಷ್ಟಕಕ್ಕಿಂತ ನಿಮ್ಮ ಮನೆಯ ಪಾವನ್ನೇ ನಂಬಿ. ಬರಿ ಪಾವನ್ನು ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿ, ಪಾಸ್ತಾ ತುಂಬಿ, ಅಂಚಿಗೆ ಸವರಿ ತೂಗಿ, ಆ ಅಂಕಿಯನ್ನು ಡಬ್ಬಿಯ ಮೇಲೆ ಬರೆದಿಡಿ. ತೂಗುವುದು ಬೇಯಿಸುವ ಮುಂಚೆ: ಬೆಂದ ಪಾಸ್ತಾ ನೀರು ಕುಡಿದು ಎರಡು ಪಟ್ಟಿಗಿಂತ ಹೆಚ್ಚು ತೂಗುತ್ತದೆ.