ಮೂರು ವಾರದ ಮೇಡಂ

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಯೊಂದರ ಶಾಲೆಗೆ ಸ್ವಯಂಸೇವಕಿಯಾಗಿ ಬಂದಿದ್ದ ಯುರೋಪಿನ ತರುಣಿಗೆ ನಾನು ದುಭಾಷಿಯಾಗಿದ್ದೆ. ಆಕೆಯ ಇಂಗ್ಲಿಷನ್ನು ನಾನು ಕನ್ನಡಕ್ಕೆ ತರುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಅದನ್ನು ತಮ್ಮನ ಕಿವಿಯಲ್ಲಿ ಜೇನುಕುರುಬರ ನುಡಿಗೆ ತಿರುಗಿಸುತ್ತಿದ್ದಳು. ನನ್ನ ಕನ್ನಡವೂ ಅಲ್ಲಿ ಹೊರಗಿನದೇ ಎಂಬುದು ಆಗ ಹೊಳೆಯಿತು.

ಕಬಿನಿ ಜಲಾಶಯ ಹಾಗೂ ನಾಗರಹೊಳೆಯ ವನ್ಯಜೀವಿ ಸಂರಕ್ಷಣೆಗಾಗಿ ಕಾಡು ಬಿಟ್ಟ ಕುಟುಂಬಗಳ ಮಕ್ಕಳಿಗೆ ಶಾಲೆಯೆಂಬುದು ನಿಧಾನವಾಗಿ ಒಲಿಯುವ ವಸ್ತು. 1984ರಲ್ಲಿ ಮೈಸೂರಿನ ವೈದ್ಯವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ತಾಲ್ಲೂಕಿನಲ್ಲಿ ಬೇರೂರಿದ್ದು ದಶಕಗಳ ಕಾಲ ಇಲ್ಲಿಯೇ ನಿಂತದ್ದರಿಂದ.

ನಮ್ಮ ಅತಿಥಿಗಿದ್ದುದು ಮೂರೇ ವಾರ. ಮಕ್ಕಳು ಸಂಕೋಚ ಬಿಟ್ಟು ಕೈಹಿಡಿಯುವಷ್ಟರಲ್ಲಿ ಆಕೆಯ ರಜೆ ಮುಗಿಯಿತು. ಮರುದಿನ ಆ ತಮ್ಮ ಶಾಲೆಗೆ ಬರಲಿಲ್ಲ. ಮೇಡಂ ಇಲ್ಲವಲ್ಲ ಎಂದನಂತೆ. ಆಕೆಯ ಅಕ್ಕರೆಯಲ್ಲಿ ಕಪಟವಿರಲಿಲ್ಲ. ವರ್ಷಕ್ಕೊಮ್ಮೆ ನೋಟ್‌ಬುಕ್ಕು ಹಂಚಿ, ಫೋಟೊ ತೆಗೆಸಿಕೊಂಡು ಸಂಜೆಯೊಳಗೆ ಮೈಸೂರು ಸೇರುವ ನಾವು ಆಕೆಯನ್ನು ದೂರುವುದಾದರೂ ಹೇಗೆ?

ಬರುವವರು ಶಿಕ್ಷಕರ ಸ್ಥಾನದಲ್ಲಿ ನಿಲ್ಲದೆ, ಅಲ್ಲಿಯೇ ಉಳಿಯುವ ಶಿಕ್ಷಕರಿಗೆ ನೆರವಾಗಬೇಕು. ಹೊರಡುವ ಮುನ್ನ ಆಕೆಯೇ ಒಂದು ಲೆಕ್ಕ ಹಾಕಿದಳು: ತನ್ನ ವಿಮಾನದ ಖರ್ಚಿನಲ್ಲಿ, ಎರಡೂ ನುಡಿ ಬಲ್ಲ ಹಾಡಿಯ ಯುವತಿಯೊಬ್ಬಳಿಗೆ ಎಷ್ಟು ತಿಂಗಳ ಸಂಬಳ ಕೊಡಬಹುದಿತ್ತು? ಆ ಲೆಕ್ಕ ತಪ್ಪೆಂದು ನಾನು ಹೇಳಲಿಲ್ಲ.