ಕರಡಿಲ್ಲದೆ ಕೊರೆದ ಅಕ್ಷರಗಳು

ಜರ್ಮನಿಯ ಮೈನ್ ನದೀತೀರದ ಓಫೆನ್‌ಬಾಖ್ ನಗರದಲ್ಲಿರುವ ಕ್ಲಿಂಗ್‌ಸ್ಪೋರ್ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದಾಗ, 1923ರ ‘ನೊಯ್‌ಲಾಂಟ್’ ಎಂಬ ಅಚ್ಚುಮೊಳೆಯ ಮಾದರಿ ಹಾಳೆಗಳನ್ನು ಕಂಡೆನು. ಸಣ್ಣಕ್ಷರಗಳೇ ಇಲ್ಲದ, ದಪ್ಪವೂ ಮೊಂಡೂ ಆದ ಆ ರೋಮನ್ ದೊಡ್ಡಕ್ಷರಗಳು ಒಂದಕ್ಕೊಂದು ಒತ್ತಿ ನಿಂತು, ಬಿಳುಪಿಗೆ ಎಡೆಗೊಡದ ಕಪ್ಪು ಪಟ್ಟಿಗಳಂತೆ ಪುಟವನ್ನು ಆಕ್ರಮಿಸಿದ್ದ ದೃಶ್ಯದ ಗಾಂಭೀರ್ಯ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆದರೆ ನನ್ನನ್ನು ಬಹುಕಾಲ ಅಲ್ಲಿಯೇ ತಡೆದು ನಿಲ್ಲಿಸಿದ ವಿಚಿತ್ರ ಬೇರೊಂದು. ಒಂದು ಗಾತ್ರದ ಅಕ್ಷರವನ್ನು ಮತ್ತೊಂದು ಗಾತ್ರದ ಅದೇ ಅಕ್ಷರದ ಪಕ್ಕದಲ್ಲಿಟ್ಟು ನೋಡಿದರೆ, ಇದು ಅದರ ಹಿಗ್ಗಿದ ರೂಪವಲ್ಲ, ಅದರ ಒಡಹುಟ್ಟು. ಕಾರಣವಿಷ್ಟೆ: ಇದರ ಕರ್ತೃ ರುಡಾಲ್ಫ್ ಕೋಖ್ ಕಾಗದದ ಮೇಲೆ ಕರಡು ಬರೆಯದೆ, ಪ್ರತಿಯೊಂದು ಗಾತ್ರವನ್ನೂ ಸ್ವಹಸ್ತದಿಂದ ನೇರವಾಗಿ ಲೋಹದಲ್ಲಿಯೇ ಕೊರೆದನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಕೊರೆಯುವ ಯಂತ್ರವು ಒಂದೇ ನಕಾಶೆಯಿಂದ ಬೇಕಾದ ಗಾತ್ರಗಳನ್ನೆಲ್ಲ ತೆಗೆದುಕೊಡುತ್ತಿದ್ದ ಕಾಲದಲ್ಲಿ, ಎಡಬಲ ತಿರುಗಿಸಿದ ಅಕ್ಷರವನ್ನು ಲೋಹದ ತುದಿಯಲ್ಲಿ ಕಂಡುಕೊಳ್ಳುತ್ತ, ಒಮ್ಮೆ ತೆಗೆದ ಕಣವನ್ನು ಮತ್ತೆ ಸೇರಿಸಲಾರದ ಆ ಕಠಿಣ ಮಾರ್ಗವನ್ನು ಆತ ಬುದ್ಧಿಪೂರ್ವಕವಾಗಿ ಹಿಡಿದನೆಂಬುದನ್ನು ನೆನೆದಾಗ, ಅಂಚಿನ ಒಂದೊಂದು ಕೊರೆಯೂ ಒಂದು ನಿರ್ಧಾರವಾಗಿ ತೋರುತ್ತದೆ.

ನ್ಯೂರೆಂಬರ್ಗಿನಲ್ಲಿ 1876ರಲ್ಲಿ ಜನಿಸಿದ ಕೋಖ್, 1906ರಲ್ಲಿ ಓಫೆನ್‌ಬಾಖಿನ ಮೊಳೆ ಕಾರ್ಖಾನೆಯನ್ನು ಸೇರಿ, 1934ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕಾಗಿಯೇ ದುಡಿದನು. 1927ರ ‘ಕಾಬೆಲ್’ ಎಂಬ ಅಚ್ಚುಮೊಳೆ ಕೂಡ ಆತನದೇ. ಲೂಥರನ ಮತದಲ್ಲಿ ದೃಢಶ್ರದ್ಧೆಯಿದ್ದ ಈ ಲಿಪಿಕಾರನು ತನ್ನ ನಾಡಿನ ಹಳೆಯ ಕಪ್ಪುಲಿಪಿಯ ಘನತೆಯನ್ನು ಹೊಸ ಕಾಲದ ರೋಮನ್ ಅಕ್ಷರಕ್ಕೆ ತಂದನೆಂದೇ ನನ್ನ ಭಾವನೆ.

ಹೀಗಿರುವಾಗ, ಅಮೆರಿಕದ ಪ್ರಕಾಶಕರು ನೊಯ್‌ಲಾಂಟನ್ನು ಕಪ್ಪು ಜನರ ಗ್ರಂಥಗಳ ಹೊದಿಕೆಗೂ ಕಾಡು, ಬೇಟೆ, ಆಫ್ರಿಕಾಗಳ ಪ್ರಸ್ತಾಪ ಬಂದೆಡೆಗೂ ರೂಢಿಯಾಗಿ ಬಳಸಿದ್ದನ್ನು ನಾನು ಒಪ್ಪಲಾರೆ. ಒರಟು ಅಂಚನ್ನು ಕಂಡೊಡನೆ ಅನಾಗರಿಕತೆಯನ್ನು ಊಹಿಸುವ ಪೂರ್ವಗ್ರಹವೇ ಅದರ ಮೂಲ; ಅಕ್ಷರಕ್ಕೂ ಅನ್ಯಾಯ, ಜನಕ್ಕೂ ಅನ್ಯಾಯ. 1993ರ ‘ಜುರಾಸಿಕ್ ಪಾರ್ಕ್’ ಚಲನಚಿತ್ರದ ಲಾಂಛನದಲ್ಲಿ ನಮ್ಮವರೂ ಕಂಡದ್ದು ಇದೇ ಕುಲದ, ನಡುವೆ ಬಿಳಿಗೆರೆ ಹಾಯ್ದ ರೂಪವನ್ನು. ಶಿಲೆಯಲ್ಲಿ ಹುದುಗಿದ ಮೃಗದ ಕಥೆಗೆ ಅದು ಚೆನ್ನಾಗಿಯೇ ಒಪ್ಪಿತು.

ಇಂದು ಗಣಕಯಂತ್ರದಲ್ಲಿ ದೊರೆಯುವ ನೊಯ್‌ಲಾಂಟ್ ಮಾತ್ರ ಒಂದೇ ಆಕಾರವನ್ನು ಎಲ್ಲ ಗಾತ್ರಗಳಿಗೂ ಹಿಗ್ಗಿಸುತ್ತದೆ. ಕೋಖನ ಹಾಳೆಗಳನ್ನು ಮುಂದಿಟ್ಟುಕೊಂಡು ಗಾತ್ರಕ್ಕೊಂದರಂತೆ ಬೇರೆ ಬೇರೆ ರೂಪಗಳನ್ನು ಹೊಸದಾಗಿ ಸಿದ್ಧಪಡಿಸುವುದು ಈಗಿನ ಸಾಧನಗಳಿಗೆ ಅಸಾಧ್ಯವೇನೂ ಅಲ್ಲ. ಸಮರ್ಥನಾದ ಲಿಪಿಕಾರನೊಬ್ಬನು ಆ ಕಾರ್ಯವನ್ನು ಕೈಗೊಳ್ಳಬೇಕೆಂಬುದು ನನ್ನ ಹಂಬಲ.