ಚಿಟ್ಟೆಗೇಕೆ ಫ್ರಿಜ್ಜಿನ ವಾಸ?

ಮದುವೆ ಛತ್ರದ ಫೋಟೋಗ್ರಾಫರುಗಳ ಕೈಯಲ್ಲೂ ಈಗ ಮಿರರ್‌ಲೆಸ್ ಕ್ಯಾಮರಾ. ಒಳಗಿನ ಕನ್ನಡಿ ಹೋಗಿ, ಸೆನ್ಸರ್ ಕಂಡದ್ದೇ ಕಿಂಡಿಯಲ್ಲೂ ಕಾಣುತ್ತದೆ. ಅದಕ್ಕೊಂದು ಮ್ಯಾಕ್ರೋ ಲೆನ್ಸ್ ಸಿಕ್ಕಿಸಿದರೆ ಮುಗೀತು, ನೊಣದ ಕಣ್ಣೂ ತೆಂಗಿನಕಾಯಿ ಗಾತ್ರ!

ಸೋನಿಯ 90 ಮಿ.ಮೀ. ಮ್ಯಾಕ್ರೋ ಬಂದದ್ದು 2015ರಲ್ಲಿ. ಅದರದು ಒಂದಕ್ಕೊಂದು ಲೆಕ್ಕ: ವಸ್ತು ಎಷ್ಟೋ, ಸೆನ್ಸರ್ ಮೇಲಿನ ಬಿಂಬವೂ ಅಷ್ಟೇ. ಗಲ್ಲಾಪೆಟ್ಟಿಗೆಯ 10 ರೂಪಾಯಿ ನಾಣ್ಯದ ಅಗಲ 27 ಮಿ.ಮೀ., ಫುಲ್‌ಫ್ರೇಮ್ ಸೆನ್ಸರಿನ ಎತ್ತರ 24. ನಾಣ್ಯ ಪೂರ್ತಿ ಹಿಡಿಸೋದೇ ಇಲ್ಲ! 2021ರಲ್ಲಿ ಬಂದ ಕ್ಯಾನನ್‌ನ 100 ಮಿ.ಮೀ. ಲೆನ್ಸು 1.4 ಪಟ್ಟು ಹಿಗ್ಗಿಸುತ್ತದೆ.

ತೊಡಕಿರೋದೂ ಇಲ್ಲೇ. ಸೋನಿ ಲೆನ್ಸು 28 ಸೆಂ.ಮೀ. ತನಕ ಹತ್ತಿರ ಹೋಗಬಲ್ಲದು ಅಂತಾರೆ. ಆದರೆ ಅಳತೆ ಸೆನ್ಸರಿನಿಂದ. ಲೆನ್ಸಿನ ಮೂತಿಯಿಂದ ಉಳಿಯುವುದು ಸುಮಾರು 13. ಅಷ್ಟು ಹತ್ತಿರ ಹೋದರೆ ಯಾವ ಚಿಟ್ಟೆ ತಾನೇ ಕೂತೀತು? ಸ್ಪಷ್ಟವಾಗಿ ಮೂಡುವ ಆಳವೂ ಒಂದು ಮಿಲಿಮೀಟರಿನ ಆಸುಪಾಸು. ಗಾಳಿ ಬೀಸಿದರೆ ಚಿತ್ರ ಕೆಟ್ಟಂತೆ.

ಅದಕ್ಕೇ ಕೆಲವರು ಹುಳ ಹಿಡಿದು ಫ್ರಿಜ್ಜಿನಲ್ಲಿಟ್ಟು, ಮರಗಟ್ಟಿದ ಮೇಲೆ ಎಲೆ ಮೇಲೆ ಕೂರಿಸಿ ‘ಕಾಡಿನ ಚಿತ್ರ’ ಅಂತ ತೋರಿಸುತ್ತಾರೆ. ಚಳಿ ಹೆಚ್ಚಾದರೆ ಹುಳ ಸತ್ತೇ ಹೋದೀತು. ಬೇಕೇ ಈ ಕಟುಕತನ?

ನಸುಕಿನ ತಂಪಿಗೆ ಚಿಟ್ಟೆಗಳು ತಾವಾಗೇ ಅಲುಗದೆ ಕೂತಿರುತ್ತವೆ. ಮೈ ಬಿಸಿಯಾಗುವ ತನಕ ಹಾರವು. ಮೊದಲ ಬಸ್ಸಿನ ಹೊತ್ತಿಗೇ ಎದ್ದು ಹೊಲದ ಬದುವಿಗೆ ಹೋದವನಿಗೆ ಫ್ರಿಜ್ಜಿನ ಹಂಗಿಲ್ಲ.